ದುಡಿಯಲಾಗದ ದಿನದ ಲೆಕ್ಕ

ಐನಾಪುರದ ನಮ್ಮ ಮನೆಯ ಅಟ್ಟದ ಮೇಲೆ ಒಂದು ತಗಡಿನ ಟ್ರಂಕು ಇದೆ. ಅದು ನಮ್ಮ ಕಾಕಾ ಅವರದು. ಅವರು ಕನ್ನಡ ಸಾಲಿಯ ಮಾಸ್ತರರಾಗಿದ್ದರು. ಅವರು ತೀರಿಕೊಂಡು ಎಷ್ಟೋ ವರ್ಷಗಳಾದರೂ ಆ ಟ್ರಂಕನ್ನು ತೆರೆಯುವ ಮನಸ್ಸು ಮನೆಯಲ್ಲಿ ಯಾರಿಗೂ ಆಗಿರಲಿಲ್ಲ. ಹೋದ ವರ್ಷ ನನ್ನ ಬೆರಳ ಸಂದುಗಳು ಬಾತುಕೊಂಡು, ಮುಂಜಾನೆ ಅಂಗಿಯ ಗುಂಡಿ ಹಾಕಿಕೊಳ್ಳುವುದೂ ಕಷ್ಟವಾಗತೊಡಗಿತು. ಮಿರಜೆಯಲ್ಲಿ ತೋರಿಸಿದಾಗ ವೈದ್ಯರು, "ಇದು ಸಂಧಿವಾತ. ಪೂರ್ತಿ ಹೋಗುವಂಥದಲ್ಲ, ಹಿಡಿತದಲ್ಲಿ ಇಟ್ಟುಕೊಳ್ಳುವಂಥದು" ಎಂದರು. ಅಂದು ಮನೆಗೆ ಬಂದವನು ಮೊದಲು ಮಾಡಿದ ಕೆಲಸವೆಂದರೆ ಆ ಟ್ರಂಕನ್ನು ಕೆಳಗಿಳಿಸಿದ್ದು. ಕಾಕಾ ಅವರಿಗೂ ಇದೇ ರೋಗವಿತ್ತು.

ಒಳಗೆ ನೇಮಕದ ಆದೇಶವಿತ್ತು, ವರ್ಗಾವಣೆಯ ಕಾಗದಗಳಿದ್ದವು. ಎಲ್ಲಕ್ಕೂ ಕೆಳಗೆ ಅರ್ಧ ಹಾಳೆಯ ಮೇಲೆ 1974ರಲ್ಲಿ ಬರೆದ ರಾಜೀನಾಮೆಯ ನಕಲು ಇತ್ತು. ಕೈಯಲ್ಲಿ ಖಡು ನಿಲ್ಲುವುದಿಲ್ಲ, ಕಲಿಸದೆ ಸಂಬಳ ತಿನ್ನುವುದು ಸರಿಯಲ್ಲ, ಆದ್ದರಿಂದ ನೌಕರಿಯನ್ನು ಬಿಡುತ್ತಿದ್ದೇನೆ ಎಂದು ಡೊಂಕು ಅಕ್ಷರಗಳಲ್ಲಿ ಬರೆದಿದ್ದರು. ಅಂದಿಗೆ ಅವರ ಸೇವೆ 12 ವರ್ಷ. ರಾಜೀನಾಮೆ ಕೊಟ್ಟವನ ಹಿಂದಿನ ಸೇವೆಯೆಲ್ಲ ಲೆಕ್ಕದಿಂದ ಬಿದ್ದುಹೋಗುತ್ತದೆ ಎಂಬುದು ಸರಕಾರಿ ನೌಕರಿಯ ಹಳೆಯ ನಿಯಮ. ಅದೇ ಹಾಳೆಯ ಬದಲು ವೈದ್ಯರ ಪ್ರಮಾಣಪತ್ರವನ್ನಿಟ್ಟು, ಅಶಕ್ತತೆಯ ಮೇಲೆ ನಿವೃತ್ತಿ ಬೇಡಿದ್ದರೆ, ಹತ್ತು ವರ್ಷ ದಾಟಿದ್ದ ಅವರಿಗೆ ಸಣ್ಣದಾದರೂ ಪೆನ್ಷನ್ ಸಿಗುತ್ತಿತ್ತು. ಎರಡು ಕಾಗದಗಳ ನಡುವಿನ ಈ ಅಂತರವನ್ನು ಅವರಿಗೆ ಯಾರೂ ಹೇಳಲಿಲ್ಲ. ಮುಂದಿನ ದಿನಗಳನ್ನು ನಮ್ಮ ಕಾಕು ಕೌದಿ ಹೊಲಿದು ನಡೆಸಿದರು.

ಕನ್ನಡ ಕಲಿಸುವವನಾದ ನನಗೆ ಶಾಸನಗಳ ಸಹವಾಸ ಹೆಚ್ಚು. ದುಡಿಯುವ ಕೈ ಸೋತ ದಿನ ಮನುಷ್ಯನು ಏನನ್ನು ಉಣ್ಣಬೇಕು ಎಂಬ ಪ್ರಶ್ನೆಗೆ ನಮ್ಮ ಹಿರಿಯರು ಏನು ಉತ್ತರ ಕೊಟ್ಟಿದ್ದರೆಂದು ಹುಡುಕುತ್ತ ಹೋದೆ. ಹುಡುಕಿದಷ್ಟಕ್ಕೂ ಒಂದು ಮಾತು ಸ್ಪಷ್ಟವಾಯಿತು. ಕಣ್ಣಿಗೆ ಕಾಣುವ ಗಾಯಕ್ಕೆ ನಮ್ಮಲ್ಲಿ ಬಹಳ ಹಿಂದೆಯೇ ಬೆಲೆ ಕಟ್ಟಿದ್ದರು. ಒಳಗೊಳಗೇ ತಿನ್ನುವ ರೋಗಕ್ಕೆ ಬೆಲೆ ಬಂದದ್ದು ತೀರ ಈಚೆಗೆ.

ಯುದ್ಧದಲ್ಲಿ ಮಡಿದವನ ಮನೆಯವರಿಗೆ ಬಿಡುತ್ತಿದ್ದ ಭೂಮಿಗೆ ನೆತ್ತರುಗೊಡಗೆ ಎಂದು ಹೆಸರು. ವೀರನಿಗೆ ಮೆಚ್ಚಿ ಕೊಟ್ಟ ಭೂಮಿಗೆ ಬಾಳ್ಗಳ್ಚು ಎಂದು ಹೆಸರು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದಲ್ಲಿ, ತಕ್ಕೋಲದ ಕಾಳಗದಲ್ಲಿ ಮೆರೆದ ಮಣಲೇರನಿಗೆ ಗಂಗರ ಬೂತುಗನು ಆತಕೂರನ್ನು ಹೀಗೆ ಬಾಳ್ಗಳ್ಚಾಗಿ ಕೊಟ್ಟದ್ದನ್ನು 949-50ರ ಆತಕೂರಿನ ಕಲ್ಲು ಹೇಳುತ್ತದೆ. ಕತ್ತಿಗೂ ನೆತ್ತರಿಗೂ ಹೀಗೆ ಹೊಲದ ಲೆಕ್ಕವಿತ್ತು. ಆದರೆ ಕೀಲು ಹಿಡಿದು ಮಲಗಿದ ಒಕ್ಕಲಿಗನಿಗೆ, ಕೆಮ್ಮಿ ಸೊರಗಿದ ನೇಕಾರನಿಗೆ ಬಿಟ್ಟ ಕೊಡಗೆ ನನ್ನ ಓದಿನಲ್ಲಿ ಎಲ್ಲಿಯೂ ಎದುರಾಗಲಿಲ್ಲ.

ಹಾಗೆಂದು ರೋಗಿಯನ್ನು ಆ ಕಾಲ ಮರೆತಿತ್ತು ಎಂದು ಹೇಳಿದರೆ ತಪ್ಪಾದೀತು. ನಮ್ಮ ಸೀಮೆಯಲ್ಲಿ ಜೈನರು ಬಹಳ. ಅವರ ಧರ್ಮದಲ್ಲಿ ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂದು ದಾನ ನಾಲ್ಕು ಬಗೆ. ಬಸದಿಗಳ ಶಾಸನಗಳಲ್ಲಿ ದಾನಿಗಳನ್ನು ಹೊಗಳುವಾಗ ಈ ನಾಲ್ಕರ ಹೆಸರು ಮತ್ತೆ ಮತ್ತೆ ಬರುತ್ತದೆ. ಶೈವರಲ್ಲಿಯೂ ಹಾಗೆಯೇ. ಇಂದಿನ ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವೆಯಲ್ಲಿದ್ದ ಕಾಳಾಮುಖರ ಕೋಡಿಯ ಮಠವನ್ನು ಬಿಜ್ಜಳನ ಕಾಲದ 1162ರ ಶಾಸನ ವರ್ಣಿಸುತ್ತದೆ. ವೇದ, ವ್ಯಾಕರಣಗಳನ್ನು ಓದಿಸುವ ಆ ಮಠವೇ ದೀನರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ ಅನ್ನ ಇಕ್ಕುವ ಸ್ಥಾನವೂ ದಿಕ್ಕಿಲ್ಲದ ರೋಗಿಗಳಿಗೆ ಔಷಧ ಕೊಡುವ ಸ್ಥಾನವೂ ಆಗಿತ್ತು. ಒಂದೇ ಅಂಗಳದಲ್ಲಿ ಪಾಠಶಾಲೆ, ಛತ್ರ, ಆಸ್ಪತ್ರೆ! ಓದುವಾಗ ಇಂದಿಗೂ ಎದೆ ತುಂಬುತ್ತದೆ. ಆದರೂ ಒಂದು ಮಾತು ಉಳಿಯುತ್ತದೆ. ಅಲ್ಲಿ ಅನ್ನವಿತ್ತು, ಮದ್ದಿತ್ತು. ರೋಗಿಯು ಬಿಟ್ಟುಬಂದ ಮನೆಯಲ್ಲಿ ಒಲೆ ಹೇಗೆ ಉರಿಯುತ್ತದೆ ಎಂಬುದು ಆ ಲೆಕ್ಕದಲ್ಲಿ ಇರಲಿಲ್ಲ.

ಆ ಒಲೆಯ ಹೊಣೆಯನ್ನು ಊರು ಬೇರೊಂದು ಬಗೆಯಿಂದ ಹೊತ್ತಿತ್ತು. ಬಡಿಗ, ಕಮ್ಮಾರ, ಕುಂಬಾರ, ಅಗಸ ಮೊದಲಾದ ಆಯಗಾರರಿಗೆ ಸುಗ್ಗಿಯಲ್ಲಿ ಕಣದಿಂದಲೇ ಕಾಳು ಸಲ್ಲುತ್ತಿತ್ತು. ಈ ಆಯ ಸಲ್ಲುತ್ತಿದ್ದುದು ಆಳಿಗಲ್ಲ, ಮನೆತನಕ್ಕೆ. ಬಡಿಗ ಮಲಗಿದರೆ ಅವನ ತಮ್ಮನೋ ಮಗನೋ ಬಾಚಿ ಹಿಡಿದರೆ ಸಾಕು, ಕಣದ ಪಾಲು ತಪ್ಪುತ್ತಿರಲಿಲ್ಲ. ಕುಲಕರ್ಣಿ, ಪಾಟೀಲರ ವತನಗಳೂ ಹೀಗೆಯೇ ಮನೆತನದ ಸೊತ್ತು. ಮುಂಬಯಿ ಸರಕಾರ 1874ರಲ್ಲಿ ವಂಶಪಾರಂಪರ್ಯ ಹುದ್ದೆಗಳ ಕಾಯಿದೆಯನ್ನೇ ಮಾಡಿ ಇದನ್ನು ಬರಹಕ್ಕೆ ತಂದಿತು. ಈ ಪದ್ಧತಿಯಲ್ಲಿ ಜಾತಿಯ ಕಟ್ಟು ಇತ್ತು; ಕೆಳಗಿನವರ ಪಾಲಿಗೆ ಅದು ಬಿಟ್ಟಿ ದುಡಿಮೆಯೂ ಆಗಿತ್ತು. ಕರ್ನಾಟಕದಲ್ಲಿ 1961ರ ಕಾಯಿದೆಯಿಂದ ಅದು ಮುಗಿದದ್ದು ಒಳ್ಳೆಯದೇ ಆಯಿತು. ಆದರೆ ಕಟ್ಟು ಹರಿದಾಗ ಅದರೊಡನೆ ಇದ್ದ ಆಸರೆಯೂ ಹೋಯಿತು ಎಂಬುದನ್ನು ಇತಿಹಾಸ ಬರೆಯುವವರು ಮರೆಯಬಾರದು.

ನಮ್ಮಂಥ ಸಂಬಳದವರು ಹೊಸ ಜಾತಿ. ನಾನು ಮಲಗಿದರೆ ನನ್ನ ತಮ್ಮ ಬಂದು ನನ್ನ ತರಗತಿಯಲ್ಲಿ ಪಂಪನನ್ನು ಪಾಠ ಹೇಳುವಂತಿಲ್ಲ. ಈ ಜಾತಿಯವರಿಗಾಗಿ ಬ್ರಿಟಿಷರ ಕಾಲದ ಸೇವಾ ನಿಯಮಗಳು ನಾಲ್ಕು ಬಗೆಯ ಪೆನ್ಷನ್ನನ್ನು ಎಣಿಸಿದ್ದವು. ಅವುಗಳಲ್ಲಿ ಒಂದು ಅಶಕ್ತತೆಯದು. ಅಂದರೆ ಕಾಕಾ ಅವರು ಕೇಳಬಹುದಾಗಿದ್ದ ಪೆನ್ಷನ್ನು ಅವರು ಹುಟ್ಟುವ ಮೊದಲೇ ಪುಸ್ತಕದಲ್ಲಿತ್ತು! ಅಂಚೆಯವರ ಜೀವವಿಮೆ 1884ರಲ್ಲಿ, ಮೈಸೂರು ಸರಕಾರದ ನೌಕರರ ವಿಮೆ 1891ರಲ್ಲಿ ಬಂದವು. ಆದರೆ ಜೀವವಿಮೆಯ ಮುಖ್ಯ ಮಾತು ಸಾವಿನದು. ಜೀವವಿದ್ದು ದುಡಿಮೆ ಇಲ್ಲದವನ ಪಾಡಿಗೆ ಅದು ಪೂರ್ತಿ ಉತ್ತರವಲ್ಲ. ಪೆನ್ಷನ್ನನ್ನೂ ಬಹುಕಾಲ ದೊರೆಯ ಕೃಪೆಯೆಂದೇ ತಿಳಿದಿದ್ದರು. ಅದು ಕೃಪೆಯಲ್ಲ, ನೌಕರನ ಹಕ್ಕು ಎಂದು ಸುಪ್ರೀಂ ಕೋರ್ಟು ದೇವಕೀನಂದನ ಪ್ರಸಾದ್ ಪ್ರಕರಣದಲ್ಲಿ ಹೇಳಿದ್ದು 1971ರಲ್ಲಿ. ಕಾಕಾ ರಾಜೀನಾಮೆ ಬರೆದದ್ದು ಅದಾಗಿ ಮೂರು ವರ್ಷಕ್ಕೆ. ತೀರ್ಪು ದಿಲ್ಲಿಯಿಂದ ಐನಾಪುರದವರೆಗೆ ಬಂದಿರಲಿಲ್ಲ.

ಕಾರ್ಖಾನೆಯ ಕೂಲಿಗಾರರ ಕಥೆಯಲ್ಲಿಯೂ ಮೊದಲು ಬಂದದ್ದು ಗಾಯ. ಯಂತ್ರಕ್ಕೆ ಕೈ ಕೊಟ್ಟವನಿಗೆ ಪರಿಹಾರ ಕೊಡುವ ಕಾಯಿದೆ 1923ರದು. ರೋಗದ ಸರದಿ ಬರಲು ಇನ್ನೂ 25 ವರ್ಷ ಬೇಕಾಯಿತು. ಪ್ರೊಫೆಸರ್ ಬಿ. ಪಿ. ಅಡಾರಕರ್ ಅವರು ಕೂಲಿಗಾರರ ಆರೋಗ್ಯವಿಮೆಯ ವರದಿಯನ್ನು 1944ರಲ್ಲಿ ಸರಕಾರಕ್ಕೆ ಒಪ್ಪಿಸಿದರು. ಅದರ ಬುನಾದಿಯ ಮೇಲೆ 1948ರಲ್ಲಿ ನೌಕರರ ರಾಜ್ಯ ವಿಮಾ ಕಾಯಿದೆ ಬಂದಿತು. 1952ರಲ್ಲಿ ಕಾನಪುರ, ದಿಲ್ಲಿಗಳಲ್ಲಿ ಯೋಜನೆ ಮೊದಲಾಗಿ, 1958ರಲ್ಲಿ ಬೆಂಗಳೂರಿಗೆ ಬಂದಿತು. ಇದರ ತಿರುಳು ಸರಳವಾದುದು. ಗಟ್ಟಿಮುಟ್ಟಾಗಿದ್ದಾಗ ಎಲ್ಲರೂ ಕೂಲಿಯಲ್ಲಿ ಒಂದಿಷ್ಟು ಕಟ್ಟುವುದು, ಮಾಲಿಕನೂ ಕಟ್ಟುವುದು, ಮಲಗಿದವನು ಅದರಿಂದ ಉಣ್ಣುವುದು. ಸಾಮಾನ್ಯ ಕಾಯಿಲೆಗೆ ವರ್ಷಕ್ಕೆ 91 ದಿನಗಳವರೆಗೆ ಕೂಲಿಯ ನೂರಕ್ಕೆ 70ರಷ್ಟು. ಕ್ಷಯ, ಕುಷ್ಠ, ಕ್ಯಾನ್ಸರ್ ಮೊದಲಾದ 34 ದೀರ್ಘ ರೋಗಗಳಿಗೆ, ಎರಡು ವರ್ಷ ಸತತವಾಗಿ ದುಡಿದವನಿಗೆ, ಎರಡು ವರ್ಷಗಳವರೆಗೆ ನೂರಕ್ಕೆ 80ರಷ್ಟು. ಕಾಯಕದ ಪಕ್ಕದಲ್ಲಿ ದಾಸೋಹವನ್ನು ಇಟ್ಟ ಶರಣರಿಗೆ ಈ ಲೆಕ್ಕ ಹೊಸದೆನಿಸುತ್ತಿರಲಿಲ್ಲ. ಕಾಕಾ ಅವರು ಕಾಯಕವನ್ನು ಹಿಡಿದು ದಾಸೋಹವನ್ನು ಮರೆತರು. ಅನ್ಯರಿಂದ ಪಡೆಯುವುದೆಲ್ಲ ಹಂಗು ಎಂದುಕೊಂಡರು.

ಇಲ್ಲಿ ನಮ್ಮ ಸೀಮೆಗೆ ತಾಗುವ ಒಂದು ಮಾತಿದೆ. ಐನಾಪುರದ ಸುತ್ತ ಎಲ್ಲಿ ನೋಡಿದರೂ ಕಬ್ಬು. 1939ರಲ್ಲಿ ಪಕ್ಕದ ಉಗಾರ ಖುರ್ದದಲ್ಲಿ ಸಕ್ಕರೆ ಕಂಪನಿ ಹುಟ್ಟಿದಂದಿನಿಂದ ಈ ಭಾಗದ ಬದುಕು ನುರಿಸುವ ಹಂಗಾಮಿನ ಸುತ್ತ ತಿರುಗುತ್ತ ಬಂದಿದೆ. ಆದರೆ 1948ರ ಕಾಯಿದೆ ಹಂಗಾಮಿನ ಕಾರ್ಖಾನೆಗಳನ್ನು ಹೊರಗಿಟ್ಟಿತು. ಬರಿಯ ಸಕ್ಕರೆ, ಬೆಲ್ಲ ಮಾಡುವ ಕಾರ್ಖಾನೆಗಳು ಆ ಪಟ್ಟಿಯಲ್ಲಿ ಸೇರಿದ್ದವು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಸುರಕ್ಷತಾ ಸಂಹಿತೆಯೂ ಹಂಗಾಮಿನ ಕಾರ್ಖಾನೆಗಳನ್ನು ರಾಜ್ಯ ವಿಮೆಯ ಹೊರಗೇ ಬಿಟ್ಟಿದೆ. ಹಂಗಾಮು ಆರು ತಿಂಗಳಾದೀತು. ರೋಗಕ್ಕೆ ಹಂಗಾಮು ಎಲ್ಲಿಯದು? ಮುಂಗಡ ಪಡೆದು ಕಬ್ಬು ಕಡಿಯಲು ಬರುವವರ ಸ್ಥಿತಿಯಂತೂ ಇನ್ನೂ ಕಷ್ಟ. ಅವರು ಮಲಗಿದರೆ ಕೂಲಿ ನಿಲ್ಲುವುದಷ್ಟೇ ಅಲ್ಲ, ಸಾಲವೂ ಎದ್ದು ನಿಲ್ಲುತ್ತದೆ.

ಭವಿಷ್ಯನಿಧಿಯಲ್ಲಿರುವ ಖಾಸಗಿ ನೌಕರರು ತಿಳಿದಿರಬೇಕಾದ ಸಂಗತಿಗಳು ಎರಡು. 1995ರ ಪೆನ್ಷನ್ ಯೋಜನೆಯಲ್ಲಿ, ನೌಕರಿಯಲ್ಲಿರುವಾಗಲೇ ಪೂರ್ತಿಯಾಗಿ, ಕಾಯಮ್ಮಾಗಿ ಅಶಕ್ತನಾದವನು ಒಂದೇ ತಿಂಗಳ ವಂತಿಗೆ ಕಟ್ಟಿದ್ದರೂ ಪೆನ್ಷನ್ನಿಗೆ ಅರ್ಹ. ಗ್ರಾಚ್ಯುಟಿಗೆ ಸಾಮಾನ್ಯವಾಗಿ ಐದು ವರ್ಷದ ಸೇವೆ ಬೇಕೆಂಬ ಷರತ್ತು 1972ರ ಕಾಯಿದೆಯಿಂದ ಬಂದದ್ದು. ಅಶಕ್ತತೆಯಿಂದ ನೌಕರಿ ಮುಗಿದವನಿಗೆ ಆ ಷರತ್ತು ತಾಗುವುದಿಲ್ಲ.

ಸರಕಾರಿ ನೌಕರರ ವಿಷಯದಲ್ಲಿ ಕಾಲ ಇನ್ನೂ ಒಂದು ಹೆಜ್ಜೆ ಮುಂದೆ ಬಂದಿದೆ. ಸೇವೆಯಲ್ಲಿದ್ದಾಗ ಅಂಗವೈಕಲ್ಯಕ್ಕೆ ಒಳಗಾದವನನ್ನು ತೆಗೆದುಹಾಕಬಾರದು, ದರ್ಜೆಯನ್ನು ಇಳಿಸಬಾರದು. ಅದೇ ಕೆಲಸ ಆಗದಿದ್ದರೆ ಅದೇ ವೇತನದ ಬೇರೆ ಹುದ್ದೆ ಕೊಡಬೇಕು ಎಂದು 1995ರ ಕಾಯಿದೆ ಹೇಳಿತು. ಕಾಲು ಕಳೆದುಕೊಂಡ ಕುಣಾಲ್ ಸಿಂಗ್ ಎಂಬ ಪೇದೆಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2003ರಲ್ಲಿ ಅದನ್ನು ಎತ್ತಿಹಿಡಿಯಿತು. ಅಶಕ್ತತೆಯ ಪೆನ್ಷನ್ ಕೊಟ್ಟ ಮಾತ್ರಕ್ಕೆ ಈ ಹಕ್ಕು ಹೋಗದು ಎಂದು ಹೇಳಿತು. 2016ರ ಹೊಸ ಕಾಯಿದೆ ಆ ಮಾತನ್ನು ಉಳಿಸಿಕೊಂಡು, ಪಾರ್ಕಿನ್ಸನ್ ಮೊದಲಾದ ನರರೋಗಗಳನ್ನೂ ಪಟ್ಟಿಗೆ ಸೇರಿಸಿತು. ಒಳಗೊಳಗೇ ತಿನ್ನುವ ರೋಗ ಕಡೆಗೂ ಕಾಯಿದೆಯ ಕಣ್ಣಿಗೆ ಬಿತ್ತು. ಆತಕೂರಿನ ಕಲ್ಲಿನಿಂದ ಇಲ್ಲಿಗೆ ಸಾವಿರ ವರ್ಷಗಳ ಮೇಲಾಗಿತ್ತು!

ಈ ಇತಿಹಾಸವನ್ನೆಲ್ಲ ಓದಿ ನಾನು ಮಾಡಿದ್ದು ದೊಡ್ಡದೇನೂ ಅಲ್ಲ. ಒಂದು ವಹಿಯನ್ನು ತಂದು, ರೋಗ ಕಾಣಿಸಿಕೊಂಡ ದಿನದಿಂದ ಪ್ರತಿ ಚೀಟಿಯನ್ನೂ ತಾರೀಖಿನ ಸಹಿತ ಅಂಟಿಸಿದೆ. ಸೇವಾಪುಸ್ತಕವನ್ನು ಕೇಳಿ ನೋಡಿದೆ. ಒಂದು ಕಡೆ ಹುಟ್ಟಿದ ತಾರೀಖೇ ತಪ್ಪಾಗಿತ್ತು, ತಿದ್ದಿಸಲು ಅರ್ಜಿ ಕೊಟ್ಟೆ. ವರ್ಷಕ್ಕೆ 20 ದಿನದಂತೆ ಕೂಡಿದ ಅರ್ಧವೇತನ ರಜೆಯ ಲೆಕ್ಕ ತೆಗೆದೆ. ನಾನು ಸೇರಿದ್ದು 2006ರ ಏಪ್ರಿಲ್ 1ರ ನಂತರ. ಆದ್ದರಿಂದ ನನ್ನದು ಹಳೆಯ ಪೆನ್ಷನ್ ಅಲ್ಲ, ನಾನೂ ಸರಕಾರವೂ ಕೂಡಿ ಕಟ್ಟುವ ಹೊಸ ಯೋಜನೆಯದು. ಕಾಕಾ ಅವರಿಗೆ ಬೇಕಾಗಿದ್ದ ಕಾಗದವೇ ನನಗೂ ಸಾಕು ಎಂದು ಕೂರುವಂತಿಲ್ಲ. ನನಗೆ ಅನ್ವಯಿಸುವ ನಿಯಮ ಯಾವುದೆಂದು ಬರಹದಲ್ಲಿ ಕೇಳಿದ್ದೇನೆ. ಎಲ್ಲಕ್ಕಿಂತ ಕಷ್ಟವಾದದ್ದು ಮನೆಯವರ ಮುಂದೆ ಕುಳಿತು ಸಾಲವೆಷ್ಟು, ಉಳಿತಾಯವೆಷ್ಟು, ಯಾವುದರಲ್ಲಿ ಯಾರ ಹೆಸರಿದೆ ಎಂದು ಬಿಡಿಸಿ ಹೇಳುವುದು. ಒಂದು ಸಂಜೆ ಹೇಳಿ ಮುಗಿಸಿದೆ. ಅಂದು ರಾತ್ರಿ ಬಹಳ ದಿನಗಳ ಮೇಲೆ ಚೆನ್ನಾಗಿ ನಿದ್ದೆ ಬಂದಿತು.

ಟ್ರಂಕನ್ನು ಮತ್ತೆ ಅಟ್ಟಕ್ಕೇರಿಸುವ ದಿನ ಕಾಕು ಪಡಸಾಲೆಯಲ್ಲಿ ಕುಳಿತಿದ್ದರು. ಈಗ ಅವರ ಕಣ್ಣು ಮಂಜು, ಸೂಜಿ ಪೋಣಿಸಲಾಗುವುದಿಲ್ಲ. ಅರ್ಧ ಹಾಳೆಯನ್ನು ಕೈಗೆ ತೆಗೆದುಕೊಂಡು ಸವರಿದರು.

"ಒಬ್ಬರರೆ ಹೇಳಬೇಕಾಗಿತ್ತು ನೋಡ ತಮ್ಮಾ. ಹೇಳಿದ್ರ ಕೇಳತಿದ್ರವರು" ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀ ಇಂಥಾದ್ದೇನರೆ ಬರದೀ ಏನು?" ಎಂದು ಕೇಳಿದರು.

"ಇಲ್ಲ ಕಾಕೂ, ಬರದಿಲ್ಲ. ಕೇಳಲಾರದ ಬರಿಯೂದೂ ಇಲ್ಲ" ಎಂದೆ.

ಅವರು ಆ ಹಾಳೆಯನ್ನು ಮೊದಲಿದ್ದ ಮಡಿಕೆಯಲ್ಲಿಯೇ ಮಡಿಚಿ ನನ್ನ ಕೈಯಲ್ಲಿಟ್ಟರು.