ಕಮ್ಮಾರನ ಅಡಿಗಲ್ಲು

ಕಾದ ಕಬ್ಬಿಣ ಕುಳವಾಗಿ, ಕುಡುಗೋಲಾಗಿ ರೂಪ ತಳೆಯುವುದು ಅಡಿಗಲ್ಲಿನ ಮೇಲೆ. ಹೆಸರಿನಲ್ಲಷ್ಟೇ ಕಲ್ಲು, ವಸ್ತು ಕಬ್ಬಿಣ. ಊರ ಕುಲುಮೆಯದು ಮರದ ದಿಮ್ಮಿಯಲ್ಲಿ ಹುದುಗಿಸಿದ ಚೌಕ ಗಟ್ಟಿ. ಮೊನಚು ಕೊಂಬು, ಉಳಿ ಸಿಕ್ಕಿಸುವ ಚೌಕ ತೂತು ಇದ್ದರೆ ಅದು ವಿಲಾಯತಿ ಮಾದರಿ. ಗುಜರಿ ಅಂಗಡಿಯ ರಾಶಿಯಲ್ಲಿ ರೈಲು ಕಂಬಿಯ ತುಂಡೂ ಅಡಿಗಲ್ಲಾಗಿ ದುಡಿದ ಗುರುತು ಹೊತ್ತಿರುತ್ತದೆ.

ಆದರೆ ಎಲ್ಲ ಕಬ್ಬಿಣವೂ ಅಡಿಗಲ್ಲಿಗೆ ಒಗ್ಗದು. ಶಿವಮೊಗ್ಗ ಜಿಲ್ಲೆಯ ಭದ್ರಾವತಿಯ ಮೈಸೂರು ಕಬ್ಬಿಣ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು. ಕೆಮ್ಮಣ್ಣುಗುಂಡಿಯ ಅದಿರನ್ನು ಕಾಡಿನ ಸೌದೆಯ ಇದ್ದಿಲಿನಿಂದ ಕರಗಿಸಿ ಬೀಡು ಕಬ್ಬಿಣ ತೆಗೆಯಲಾಗುತ್ತಿತ್ತು. ಎರಕಕ್ಕೆ ಬೀಡು ಉತ್ತಮ, ಅಡಿಗಲ್ಲಿಗೆ ಅಲ್ಲ: ಪೆಟ್ಟು ಬಿದ್ದಂತೆ ಅಂಚು ಸಿಡಿಯುತ್ತದೆ.

ಅಡಿಗಲ್ಲು ಉಕ್ಕಿನದೋ ಬೀಡಿನದೋ ಎಂದು ಗುರುತಿಸಲು ಕಿವಿಯೇ ಸಾಕು. ಸಣ್ಣ ಸುತ್ತಿಗೆಯಿಂದ ತಟ್ಟಿದರೆ ಉಕ್ಕಿನ ಮುಖ ಸಾಮಾನ್ಯವಾಗಿ ಗಂಟೆಯಂತೆ ನುಡಿಯುತ್ತದೆ, ಸುತ್ತಿಗೆ ಪುಟಿದೇಳುತ್ತದೆ. ಬೀಡಿನದು ಮಂಕು ಸದ್ದು. ಹಳೆಯ ಇಂಗ್ಲಿಷ್ ಅಡಿಗಲ್ಲಿನ ಪಕ್ಕದಲ್ಲಿ ಮೂರು ಅಂಕಿಗಳಿದ್ದರೆ ಅದು ತೂಕ. ಮೊದಲನೆಯದರ ಪ್ರತಿ ಒಂದಕ್ಕೆ 112 ಪೌಂಡ್, ಎರಡನೆಯದರ ಪ್ರತಿ ಒಂದಕ್ಕೆ 28, ಮೂರನೆಯದು ಬಿಡಿ ಪೌಂಡ್. ಹೀಗಾಗಿ 1–2–10 ಎಂದರೆ 178 ಪೌಂಡ್, ಸುಮಾರು 81 ಕಿಲೋ.

ಶಿವಮೊಗ್ಗದ ಮಳೆಗಾಲ ಅಡಿಗಲ್ಲಿಗೆ ದೊಡ್ಡ ವೈರಿ. ತುಕ್ಕನ್ನು ತಂತಿ ಬ್ರಷ್‌ನಿಂದ ಉಜ್ಜಿ, ತೆಳುವಾಗಿ ಎಣ್ಣೆ ಸವರಿ, ಒಣ ದಿಮ್ಮಿಯ ಮೇಲಿಡಬೇಕು. ಮುಖವನ್ನು ಹೊಳಪಿಗಾಗಿ ಯಂತ್ರದಲ್ಲಿ ಅರೆಯುವುದು ತಪ್ಪು; ಗಡಸು ಪದರ ತೆಳುವಾಗಿರುತ್ತದೆ. ಬೆಂಕಿಗೆ ಹಾಕಿದರೆ ಆ ಗಡಸುತನವೇ ಇಳಿದುಹೋಗುತ್ತದೆ.