ಪಿಕಪ್ ಗೇರ್ ಬಾಕ್ಸ್ ಬಿಸಿಯಾಗುತ್ತಿದೆಯೇ? ಮನೆಯಲ್ಲೇ ಪರೀಕ್ಷಿಸಿಕೊಳ್ಳಿ

ಪರಿಗಿ: ಹಿಂದೂಪುರದ ಹುಣಸೆ ಮಾರುಕಟ್ಟೆ, ರೇಷ್ಮೆಗೂಡಿನ ಮಾರುಕಟ್ಟೆ, ಗಡಿಯಾಚೆಯ ಗೌರಿಬಿದನೂರು, ಮಧುಗಿರಿ - ನಮ್ಮ ಭಾಗದ ಸರಕೆಲ್ಲ ಹೋಗುವುದು ಪಿಕಪ್ ವಾಹನಗಳಲ್ಲೇ. ತರಕಾರಿ ತುಂಬಿದ ಗಾಡಿ ನಸುಕಿನಲ್ಲಿ ದಾರಿ ಮಧ್ಯೆ ನಿಂತರೆ ಆ ದಿನದ ಮಾಲೂ ಹೋಯಿತು, ರಿಪೇರಿ ಖರ್ಚೂ ತಲೆ ಮೇಲೆ ಬಂತು. ಗೇರ್ ಬಾಕ್ಸ್ ಕೆಡುವ ಮೊದಲು ಬಹುಪಾಲು ಬಿಸಿಯ ಮೂಲಕ ಸೂಚನೆ ಕೊಡುತ್ತದೆ. ಅದನ್ನು ಗಮನಿಸುವ ವಿಧಾನ ಇಲ್ಲಿದೆ.

ಮೀಟರ್ ನಂಬಿ ಕೂರಬೇಡಿ

ಡ್ಯಾಶ್‌ಬೋರ್ಡಿನ ಟೆಂಪರೇಚರ್ ಮುಳ್ಳು ತೋರಿಸುವುದು ಎಂಜಿನ್ ಕೂಲೆಂಟಿನ ಬಿಸಿಯನ್ನು ಮಾತ್ರ. ಬೊಲೆರೊ ಪಿಕಪ್, ದೋಸ್ತ್, ಟಾಟಾ ಏಸ್‌ನಂತಹ ಕೈಗೇರಿನ ಗಾಡಿಗಳಲ್ಲಿ ಗೇರ್ ಬಾಕ್ಸಿಗೆ ಸಾಮಾನ್ಯವಾಗಿ ಬೇರೆ ಮೀಟರ್ ಇರುವುದಿಲ್ಲ. ಎಣ್ಣೆಯ ಬಿಸಿ ಮಿತಿ ದಾಟಿದ ಮೇಲೆ ಪ್ರತಿ 10 ಡಿಗ್ರಿಗೆ ಅದರ ಆಯುಸ್ಸು ಸುಮಾರು ಅರ್ಧಕ್ಕಿಳಿಯುತ್ತದೆ ಎಂಬುದು ಎಂಜಿನಿಯರುಗಳ ಸ್ಥೂಲ ಲೆಕ್ಕ.

ಬಿಸಿ ಅಳೆಯುವುದು ಹೇಗೆ?

ಮುಟ್ಟದೆ ಬಿಸಿ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಸಾಕು. ಜ್ವರ ನೋಡುವ ಗನ್ ಆಗದು, ಕಾರ್ಖಾನೆ ಬಳಕೆಯದ್ದೇ ಬೇಕು. ಹೊಳೆಯುವ ಅಲ್ಯೂಮಿನಿಯಂ ಮೇಲೆ ಇದು ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಆದ್ದರಿಂದ ಗೇರ್ ಬಾಕ್ಸಿನ ಒಂದು ಜಾಗವನ್ನು ಒರೆಸಿ, ಕಪ್ಪು ಮ್ಯಾಟ್ ಪೇಂಟ್ ಬಳಿದು, ಪ್ರತಿ ಸಲವೂ ಅಲ್ಲೇ ಅಳೆಯಿರಿ. ಸೈಲೆನ್ಸರ್ ಪಕ್ಕದ ಜಾಗ ಬೇಡ. ಗಾಡಿ ನಿಲ್ಲಿಸಿದ ಕೂಡಲೇ ಅಳೆದು, ಹೊರಗಿನ ಬಿಸಿಲು, ಹೊರೆ, ಓಡಿದ ದೂರವನ್ನು ಪುಸ್ತಕದಲ್ಲಿ ಬರೆದಿಡಿ. ಒಳಗಿನ ಎಣ್ಣೆ ಹೊರಗಿನ ಕವಚಕ್ಕಿಂತ ಬಿಸಿಯಾಗಿರುತ್ತದೆ ಎಂಬುದು ನೆನಪಿರಲಿ.

ಯಾವುದೋ ಒಂದು ಅಂಕಿಗಿಂತ ನಿಮ್ಮದೇ ಗಾಡಿಯ ರೂಢಿ ಮುಖ್ಯ. ಅದೇ ದಾರಿ, ಅದೇ ಹೊರೆಗೆ ಹಿಂದಿಗಿಂತ 15-20 ಡಿಗ್ರಿ ಹೆಚ್ಚು ಬಂದರೆ ಕಾರಣ ಹುಡುಕಿ. ಮೀಟರ್ ಇಲ್ಲದವರು ಒಂದು ಹನಿ ನೀರು ಹಾಕಿ ನೋಡಬಹುದು. ಚುರ್ ಎಂದು ಆವಿಯಾದರೆ ಕವಚ 100 ಡಿಗ್ರಿ ದಾಟಿದೆ ಎಂದರ್ಥ. ಇದೇ ಸಾಧನದಿಂದ ನಾಲ್ಕು ಚಕ್ರಗಳ ಹಬ್ ಕೂಡ ನೋಡಿ. ಒಂದು ಮಾತ್ರ ಹೆಚ್ಚು ಬಿಸಿಯಿದ್ದರೆ ಬೇರಿಂಗ್ ಸವೆದಿರಬಹುದು, ಇಲ್ಲವೇ ಬ್ರೇಕ್ ಹಿಡಿದಿರಬಹುದು.

ಎಣ್ಣೆ ಮಟ್ಟ ನೋಡುವ ಕ್ರಮ

1. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಚಕ್ರಗಳಿಗೆ ಕಲ್ಲು ಕೊಡಿ. ಬರೀ ಜಾಕ್ ನಂಬಿ ಗಾಡಿ ಕೆಳಗೆ ಎಂದೂ ನುಗ್ಗಬೇಡಿ. ಪ್ರಾಣಕ್ಕೆ ಅಪಾಯ.

2. ಎಣ್ಣೆ ತುಂಬುವ ಮೇಲಿನ ಪ್ಲಗ್ ಮೊದಲು ಬಿಚ್ಚಿ. ಸಾಮಾನ್ಯವಾಗಿ ಆ ತೂತಿನ ಕೆಳ ಅಂಚಿನವರೆಗೆ ಎಣ್ಣೆ ಇರಬೇಕು.

3. ಎಣ್ಣೆ ಬದಲಿಸುವಾಗಲೂ ಮೇಲಿನ ಪ್ಲಗ್ ಬಿಚ್ಚಿದ ನಂತರವೇ ಕೆಳಗಿನದನ್ನು ತೆಗೆಯಿರಿ. ಎಣ್ಣೆ ಖಾಲಿ ಮಾಡಿದ ಮೇಲೆ ಮೇಲಿನ ಪ್ಲಗ್ ಬಿಚ್ಚಲು ಬಾರದಿದ್ದರೆ ಗಾಡಿ ಅಲ್ಲೇ ನಿಲ್ಲುತ್ತದೆ. ಎಣ್ಣೆ ಬೆಚ್ಚಗಿರಲಿ, ಸುಡುವಂತಿರಬಾರದು.

4. ಪ್ಲಗ್ಗಿನ ಅಯಸ್ಕಾಂತಕ್ಕೆ ನುಣ್ಣನೆಯ ಬೂದು ಅಂಟಿದ್ದರೆ ಸಹಜ. ಕಬ್ಬಿಣದ ಚೂರು ಸಿಕ್ಕರೆ ಮೆಕ್ಯಾನಿಕ್ ಬಳಿ ಹೋಗಿ. ಹಳ್ಳ ದಾಟಿದ ಮೇಲೆ ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ಒಳಗೆ ನೀರು ಸೇರಿದೆ, ತಕ್ಷಣ ಬದಲಿಸಿ.

ಯಾವ ಎಣ್ಣೆ?

ಗಾಡಿ ಜೊತೆ ಬಂದ ಪುಸ್ತಕದಲ್ಲಿ ಬರೆದಿರುವುದೇ ಅಂತಿಮ. ಹಿಂದಿನ ಹೌಸಿಂಗಿಗೆ ಹಾಕುವ ಕ್ರೌನ್ ಆಯಿಲ್ ಸಾಮಾನ್ಯವಾಗಿ ಜಿಎಲ್-5 ದರ್ಜೆಯದು. ಗೇರ್ ಬಾಕ್ಸಿಗೆ ಜಿಎಲ್-4 ಎಂದು ಬರೆದಿದ್ದರೆ ಅದೇ ಎಣ್ಣೆಯನ್ನು ಅಲ್ಲಿಗೂ ಸುರಿಯಬೇಡಿ. ಅದರಲ್ಲಿರುವ ಗಂಧಕದ ಅಂಶ ಹಿತ್ತಾಳೆಯ ಸಿಂಕ್ರೊ ರಿಂಗುಗಳನ್ನು ಕೆಡಿಸಬಹುದು. ಮಟ್ಟ ಮೀರಿ ತುಂಬಿದರೂ ಎಣ್ಣೆ ನೊರೆ ಎದ್ದು ಬಿಸಿ ಹೆಚ್ಚುತ್ತದೆ, ಸೀಲ್ ಸೋರುತ್ತದೆ. ಮಣ್ಣಿನಿಂದ ಮುಚ್ಚಿದ ಬ್ರೀದರ್ ಕೊಳವೆಯನ್ನೂ ಶುಚಿ ಮಾಡಿ.

ಬಿಸಿ ಏರಲು ಕಾರಣಗಳು

ಎಣ್ಣೆ ಕಡಿಮೆಯಾಗುವುದು, ಬೇರಿಂಗ್ ಸವೆತ, ಅತಿ ಹೊರೆ ಇವು ಮುಖ್ಯ. ಏರಿನಲ್ಲಿ ಅರ್ಧ ಕ್ಲಚ್ ಒತ್ತಿ ಗಾಡಿ ಹಿಡಿದರೆ ಕ್ಲಚ್ ಸುಟ್ಟು, ಆ ಬಿಸಿ ಗೇರ್ ಬಾಕ್ಸಿಗೂ ಹರಡುತ್ತದೆ. ಅತಿ ಹೊರೆಗೆ 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯಲ್ಲಿ 20,000 ರೂ., ಜೊತೆಗೆ ಪ್ರತಿ ಹೆಚ್ಚುವರಿ ಟನ್ನಿಗೆ 2,000 ರೂ. ದಂಡವಿದೆ. ಈ ಕಾಯ್ದೆ ಆಂಧ್ರಕ್ಕೂ ಕರ್ನಾಟಕಕ್ಕೂ ಒಂದೇ.

ಆಟೋಮ್ಯಾಟಿಕ್ ಗಾಡಿಯಾದರೆ

ಇಸುಜು ವಿ-ಕ್ರಾಸ್, ಟೊಯೊಟಾ ಹೈಲಕ್ಸ್ ಪಿಕಪ್‌ಗಳ ಆಟೋಮ್ಯಾಟಿಕ್ ಮಾದರಿಗಳಲ್ಲಿ ಎಟಿಎಫ್ ಎಂಬ ಬೇರೆಯೇ ಎಣ್ಣೆ ಇರುತ್ತದೆ. ಅದರ ಬಿಸಿ ಸಾಮಾನ್ಯವಾಗಿ 80-95 ಡಿಗ್ರಿ. 120 ದಾಟಿದರೆ ಗಾಡಿ ಪಕ್ಕಕ್ಕೆ ನಿಲ್ಲಿಸಿ, ಗೇರನ್ನು 'ಪಿ'ಗೆ ಹಾಕಿ, ಎಂಜಿನ್ ಆರಿಸದೆ ತಣಿಯಲು ಬಿಡಿ. ಸ್ಟೀರಿಂಗ್ ಕೆಳಗಿನ ಓಬಿಡಿ ಪಾಯಿಂಟಿಗೆ ಚಿಕ್ಕ ರೀಡರ್ ಸಿಕ್ಕಿಸಿದರೆ ಹಲವು ಗಾಡಿಗಳಲ್ಲಿ ಈ ಅಂಕಿ ಮೊಬೈಲಿನಲ್ಲೇ ಕಾಣುತ್ತದೆ. ಆದರೆ ವಾರಂಟಿ ಇರುವ ಗಾಡಿಯ ಪ್ಲಗ್ ನೀವೇ ಬಿಚ್ಚಬೇಡಿ.

ತೆಗೆದ ಹಳೆ ಎಣ್ಣೆಯನ್ನು ಹೊಲ, ಬಾವಿ, ಕೆರೆಗೆ ಚೆಲ್ಲದೆ ಡಬ್ಬಿಯಲ್ಲಿ ತುಂಬಿ ಹಳೆ ಎಣ್ಣೆ ಕೊಳ್ಳುವವರಿಗೆ ಕೊಡಿ. ನಾವು ಕುಡಿಯುವುದೂ ಅದೇ ನೀರನ್ನು.