ನರಾಚಿ ಮತ್ತು ಮಾರಿಕುಪ್ಪಂ

2018ರ ಡಿಸೆಂಬರಿನಲ್ಲಿ ತೆರೆಕಂಡ ‘ಕೆಜಿಎಫ್’ ಸಿನಿಮಾದ ಕಥೆ ಹೇಳುವವನು ಒಬ್ಬ ಪತ್ರಕರ್ತ. ಅನಂತ್ ನಾಗ್ ಮಾಡಿದ ಆನಂದ್ ಇಂಗಳಗಿ ಪಾತ್ರ, ತಾನು ಬರೆದ, ಸರ್ಕಾರ ನಿಷೇಧಿಸಿದ ಪುಸ್ತಕದ ಕಥೆಯನ್ನು ಟಿ.ವಿ. ಸಂದರ್ಶನದಲ್ಲಿ ಬಿಚ್ಚಿಡುತ್ತದೆ. ಪತ್ರಿಕೋದ್ಯಮ ಓದಿದ ನಮಗೆ ಇದು ಬೇಗ ಕಣ್ಣಿಗೆ ಬೀಳುತ್ತದೆ. ಪುಸ್ತಕ, ಸಂದರ್ಶನ, ಇಸವಿ ಇವೆಲ್ಲ ಸಾಕ್ಷ್ಯಚಿತ್ರದ ಸರಕು. ಕಟ್ಟುಕಥೆ ಇವನ್ನು ಎರವಲು ಪಡೆದು ನಂಬಿಕೆ ಗಳಿಸಿದೆ.

ಎರವಲು ಎರಡೂ ಕಡೆಯಿಂದ ನಡೆದಿದೆ. ಸಾಕ್ಷ್ಯಚಿತ್ರದ ಪಿತಾಮಹ ಎನಿಸಿಕೊಂಡ ರಾಬರ್ಟ್ ಫ್ಲಾಹರ್ಟಿ 1922ರ ‘ನಾನೂಕ್ ಆಫ್ ದ ನಾರ್ತ್’ ಚಿತ್ರಕ್ಕಾಗಿ ಅರ್ಧ ಮಂಜುಮನೆ ಕಟ್ಟಿಸಿ, ಒಳಗೆ ಬೆಳಕು ಬರುವಂತೆ ಮಾಡಿಕೊಂಡಿದ್ದ. ಅದೇ ಫ್ಲಾಹರ್ಟಿ 1930ರ ದಶಕದಲ್ಲಿ ನಮ್ಮ ಮೈಸೂರಿಗೂ ಬಂದು, ಕಾರಾಪುರದ ಮಾವುತನ ಮಗ ಸಾಬುವನ್ನು ನಾಯಕನನ್ನಾಗಿಸಿ ‘ಎಲಿಫೆಂಟ್ ಬಾಯ್’ (1937) ಚಿತ್ರೀಕರಿಸಿದ. ಕಾಡು, ಆನೆ, ಹುಡುಗ ಎಲ್ಲ ನಿಜ, ಕಥೆ ಕಿಪ್ಲಿಂಗನದು. ಉಳಿದ ಭಾಗವನ್ನು ಲಂಡನ್ ಬಳಿಯ ಸ್ಟುಡಿಯೋದಲ್ಲಿ ಜೋಲ್ಟಾನ್ ಕೋರ್ಡಾ ತೆಗೆದ.

ಹಾಗಾಗಿ ಸಿನಿಮಾ ಕಥೆ ಕಟ್ಟಿತು ಎಂಬುದು ನಮ್ಮ ದೂರಲ್ಲ. ಕಟ್ಟುವಾಗ ಯಾರನ್ನು ಬಿಟ್ಟಿತು ಎಂಬುದು ನಮ್ಮ ಪ್ರಶ್ನೆ.

ಸಿನಿಮಾದಲ್ಲಿ ನರಾಚಿಯ ಚಿನ್ನ ಸಿಗುವುದು 1951ರಲ್ಲಿ. ಸುಣ್ಣಕಲ್ಲಿನ ಗಣಿ ಎಂಬ ನೆಪದಲ್ಲಿ ಅದನ್ನು ಗುಟ್ಟಾಗಿ ತೋಡುತ್ತಾರೆ. ನಿಜವಾದ ಕೋಲಾರ ಚಿನ್ನದ ಗಣಿಯಲ್ಲಿ ಗುಟ್ಟೇನೂ ಇರಲಿಲ್ಲ. 1880ರಲ್ಲೇ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಇಲ್ಲಿಗೆ ಕಾಲಿಟ್ಟಿತ್ತು. 1894ರಲ್ಲಿ ಬೌರಿಂಗ್‌ಪೇಟೆಯಿಂದ, ಅಂದರೆ ಇಂದಿನ ಬಂಗಾರಪೇಟೆಯಿಂದ, ಮಾರಿಕುಪ್ಪಂವರೆಗೆ ರೈಲು ಬಂತು. 1902ರಲ್ಲಿ ಸುಮಾರು 150 ಕಿ.ಮೀ. ದೂರದ ಶಿವನಸಮುದ್ರದಿಂದ ವಿದ್ಯುತ್ ಬಂತು. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು. ದೌರ್ಜನ್ಯ ನಡೆದದ್ದು ಕಾನೂನು, ಲೆಕ್ಕಪುಸ್ತಕ, ಸರ್ಕಾರ ಎಲ್ಲದರ ಕಣ್ಣೆದುರಿಗೇ.

ಸಿನಿಮಾದ ಗುಲಾಮರು ರಾಕಿಗಾಗಿ ಕಾಯುತ್ತಾರೆ. ಮಾರಿಕುಪ್ಪಂ, ಚಾಂಪಿಯನ್ ರೀಫ್‌ಗಳ ಕಾರ್ಮಿಕರು ಹಾಗೆ ಕಾಯುತ್ತ ಕೂರಲಿಲ್ಲ. ಬಹುಪಾಲು ತಮಿಳು ಮಾತಾಡುವ ದಲಿತರಾಗಿದ್ದ ಇವರು, 1930ರಲ್ಲಿ ಬೆರಳಚ್ಚು ಪಡೆದು ನೋಂದಾಯಿಸುವ ಕ್ರಮ ಬಂದಾಗ, ‘ನಾವೇನು ಕಳ್ಳರೇ’ ಎಂಬಂತೆ ಒಟ್ಟಾಗಿ ಕೆಲಸ ನಿಲ್ಲಿಸಿದರು. 1940ರ ದಶಕದಲ್ಲಿ ಕೆ.ಎಸ್. ವಾಸನ್, ವಿ.ಎಂ. ಗೋವಿಂದನ್ ಅಂಥವರ ಜೊತೆ ಸಂಘ ಕಟ್ಟಿದರು. ಒಬ್ಬ ನಾಯಕ ಬೇಕಾದ ಕಥೆಯಲ್ಲಿ ಸಂಘಕ್ಕೆ ಜಾಗ ಸಿಗುವುದು ಕಷ್ಟ.

ಸಾವಿನ ವಿಷಯವೂ ಅಷ್ಟೆ. ನರಾಚಿಯಲ್ಲಿ ಕೊಲ್ಲುವುದು ಬಂದೂಕು. ಇಲ್ಲಿ ಬಹಳ ಜನರನ್ನು ಕೊಂದದ್ದು ಕಲ್ಲಿನ ಧೂಳು. 1940ರ ದಶಕದಲ್ಲಿ ಇಲ್ಲಿ 7,653 ಕಾರ್ಮಿಕರ ತಪಾಸಣೆ ನಡೆಯಿತು. ನೂರಕ್ಕೆ 40ಕ್ಕೂ ಹೆಚ್ಚು ಮಂದಿಗೆ ಸಿಲಿಕೋಸಿಸ್ ಇತ್ತು. ಶ್ವಾಸಕೋಶ ವರ್ಷಗಟ್ಟಲೆ ಗಟ್ಟಿಯಾಗುತ್ತ ಹೋಗುವ ಕಾಯಿಲೆಯನ್ನು ಎರಡೂವರೆ ತಾಸಿನ ಸಾಹಸಚಿತ್ರ ಹೇಗೆ ತೋರಿಸೀತು?

ಆದರೂ ಆ ಸಿನಿಮಾದಲ್ಲಿ ಒಂದು ಸಾಕ್ಷ್ಯ ಉಳಿದಿದೆ. ನರಾಚಿಯ ಸೆಟ್ ಹಾಕಿದ್ದು ಕೆಜಿಎಫ್‌ನ ಸೈನೈಡ್ ಗುಡ್ಡಗಳಲ್ಲಿ. ಅದಿರು ಪುಡಿಮಾಡಿ, ಸೈನೈಡ್ ಬಳಸಿ ಚಿನ್ನ ತೆಗೆದ ಮೇಲೆ ಉಳಿದ ಮೂರು ಕೋಟಿ ಟನ್‌ಗೂ ಮಿಕ್ಕ ಪುಡಿ ಅದು. ಗಾಳಿ ಬೀಸಿದರೆ ಅದು ಇಂದಿಗೂ ಮನೆಗಳ ಒಳಗೆ ಬರುತ್ತದೆ. ತೆರೆಯ ಮೇಲೆ ಹಾರುವ ಬೂದು ಮಣ್ಣನ್ನು ಯಾವ ಕಲಾ ನಿರ್ದೇಶಕರೂ ಸೃಷ್ಟಿಸಿದ್ದಲ್ಲ.

2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಮೂರು ಕಿ.ಮೀ.ಗೂ ಆಳದ ಸುರಂಗಗಳಿಗೆ ಈಗ ನೀರು ತುಂಬಿದೆ, ಕ್ಯಾಮೆರಾ ಇಳಿಸುವಂತಿಲ್ಲ. ಇನ್ನು ಕೆಜಿಎಫ್ ಬಗ್ಗೆ ಸಾಕ್ಷ್ಯಚಿತ್ರ ಮಾಡುವವರು ಹಳೆಯ ಫೋಟೊ, ನೆನಪು, ಮರುಸೃಷ್ಟಿಗಳನ್ನೇ ನೆಚ್ಚಬೇಕು. ಫ್ಲಾಹರ್ಟಿಯಂತೆ ಅರ್ಧ ಮನೆ ಕಟ್ಟಬೇಕು. ತಪ್ಪಿಲ್ಲ. ಆದರೆ ಕಟ್ಟಿದ್ದು ಯಾವುದು, ಕಂಡದ್ದು ಯಾವುದು ಎಂದು ಹೇಳಬೇಕು. ಮಾಡಿದ ಚಿತ್ರವನ್ನು ಲೈನ್‌ಮನೆಗಳ ಎದುರು ತೋರಿಸಿ, ‘ಹೀಗಿರಲಿಲ್ಲಪ್ಪಾ’ ಎಂದು ಯಾರಾದರೂ ಹಿರಿಯರು ಹೇಳಿದರೆ ತಿದ್ದಬೇಕು.

ಆಳಕ್ಕಿಳಿದು ದುಡಿದವರು ಇನ್ನೂ ಕೆಲವರು ಇದ್ದಾರೆ. ಅವರ ಮಕ್ಕಳು, ಮೊಮ್ಮಕ್ಕಳು ಬೆಳಗಿನ ಜಾವದ ರೈಲಿನಲ್ಲಿ ಬಂಗಾರಪೇಟೆ ಹಾದು ಬೆಂಗಳೂರಿಗೆ ಕೂಲಿಗೆ ಹೋಗುತ್ತಾರೆ. ಊರಿನ ಹೆಸರು ಲೋಕಕ್ಕೆಲ್ಲ ಗೊತ್ತಾದ ಮೇಲೂ ಆ ರೈಲಿನ ನೂಕುನುಗ್ಗಲು ಕಡಿಮೆಯಾಗಿಲ್ಲ. ನಮ್ಮ ಮೊಬೈಲುಗಳಲ್ಲಿ ರೆಕಾರ್ಡರ್ ಇದೆ. ತಮಿಳು, ತೆಲುಗು, ಕನ್ನಡ ಬೆರೆತ ಆ ಮಾತುಗಳನ್ನು ದಾಖಲಿಸುವ ಕೆಲಸಕ್ಕೆ ದೊಡ್ಡ ಬಜೆಟ್ ಬೇಕಿಲ್ಲ.